ಸಾಹುಕಾರನು ತೆಗೆಯುವ ಮೊದಲೇ ಗುಮಾಸ್ತನು ಬಿಡಬೇಕೇ?

ಅಂಗಡಿಯಲ್ಲಿ ನೌಕರಿ ಮಾಡುವವನಿಗೆ ಅಲ್ಲಿಯ ಅನ್ನದ ಋಣ ತೀರುತ್ತ ಬಂದಿತೆಂಬುದು ಕಾಗದದಿಂದ ತಿಳಿಯುವದಿಲ್ಲ. ಮುಂಜಾನೆ ಕದ ತೆರೆಯುವ ಕೀಲಿಕೈ ಮತ್ತೊಬ್ಬನ ಕೈ ಸೇರುವದು. ಗಲ್ಲಾಪೆಟ್ಟಿಗೆಯ ಬಳಿ ಕೂಡ್ರುತ್ತಿದ್ದವನನ್ನು ಹಿಂದಿನ ಕೋಣೆಯ ಮೂಟೆಗಳನ್ನೆಣಿಸಲು ಕಳಿಸುವರು. ಹಳೆಯ ಗಿರಾಕಿಯ ಮುಂದೆಯೇ ಗದರಿಕೆಯಾಗುವದು. ಕಡೆಗೆ ಒಂದು ದಿನ ಸಾಹುಕಾರರ ಆಪ್ತನೊಬ್ಬನು ಚಹದ ನೆವದಿಂದ ಹೊರಗೆ ಕರೆದುಕೊಂಡು ಹೋಗಿ, "ನೀನೇ ಬಿಟ್ಟುಬಿಡಪ್ಪಾ, ಮರ್ಯಾದಿನಾದ್ರೂ ಉಳಿತೈತಿ" ಎಂದು ಮೆಲ್ಲಗೆ ಹೇಳುವನು. ಆ ರಾತ್ರಿ ಗುಮಾಸ್ತನಿಗೆ ನಿದ್ರೆ ಬರುವದಿಲ್ಲ. ತೆಗೆದುಹಾಕುವವರೆಗೆ ಕಾಯಬೇಕೋ, ಅದಕ್ಕೆ ಮೊದಲೇ ತಾನಾಗಿ ಚೀಟಿ ಬರೆದುಕೊಟ್ಟು ಹೊರಬೀಳಬೇಕೋ ಎಂಬ ಪ್ರಶ್ನೆಯು ಅವನೊಬ್ಬನದೆಂದು ತೋರಿದರೂ, ಒಂದು ಪೇಟೆಯ ನ್ಯಾಯಾನ್ಯಾಯವೆಲ್ಲ ಅದರಲ್ಲಿ ಅಡಗಿರುವದರಿಂದ ನಾವು ಅದನ್ನು ಇಂದು ವಿಚಾರಕ್ಕೆ ತೆಗೆದುಕೊಂಡಿರುವೆವು.

ಮರಿಯಮ್ಮನಹಳ್ಳಿಯನ್ನೇ ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿನ ಈ ಊರನ್ನು ಕನ್ನಡಿಗರು ಬಲ್ಲುದು ವಿಶೇಷವಾಗಿ ಅದರ ರಂಗಭೂಮಿಯಿಂದ. 2021ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದ ಮಂಜಮ್ಮ ಜೋಗತಿಯವರ ಹೆಸರಿನೊಡನೆಯೂ ಈ ಊರಿನ ಹೆಸರು ಕೂಡಿಕೊಂಡಿದೆ. ಆದರೆ ನಾಟಕವು ಎಲ್ಲರ ಹೊಟ್ಟೆಯನ್ನೂ ತುಂಬಿಸಲಾರದು. ಇಲ್ಲಿಯ ತರುಣರಲ್ಲಿ ಎಷ್ಟೋ ಜನರು ಕಿರಾಣಿ, ಗೊಬ್ಬರ, ಬಟ್ಟೆ, ಮೊಬೈಲು ಮುಂತಾದ ಅಂಗಡಿಗಳಲ್ಲಿ ದುಡಿಯುವರು. ಇನ್ನು ಎಷ್ಟೋ ಜನರು ದಿನಾಲು ಬಸ್ಸು ಹಿಡಿದು ಹೊಸಪೇಟೆಯ ದೊಡ್ಡ ಬಟ್ಟೆಯಂಗಡಿಗಳಿಗೂ ಚಿನ್ನಬೆಳ್ಳಿಯ ಮಳಿಗೆಗಳಿಗೂ ಹೋಗಿ ಬರುವರು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಖರ್ಚು ತಪ್ಪಿದ ಮೇಲೆ ಹೆಣ್ಣುಮಕ್ಕಳಿಗೂ ಈ ದಾರಿ ಹಗುರವಾಗಿದೆ. ಇವರ ಪಗಾರವೇನೂ ದೊಡ್ಡದಲ್ಲ. ಆದರೆ ಹತ್ತನೆಯ ಇಯತ್ತೆಯನ್ನೋ ಪಿಯುಸಿಯನ್ನೋ ಮುಗಿಸಿ ಊರು ಬಿಡಲಾರದವನಿಗೆ, ಬಿಸಿಲಿನಲ್ಲಿ ಕಲ್ಲುಮಣ್ಣು ಹೊರದೆ ಮನೆಗೆ ನಾಲ್ಕು ಕಾಸು ತರುವ ಮಾರ್ಗ ಇದೇ.

ತೆಗೆಯುವ ಮೊದಲೇ ಬಿಡುವದು ಲೇಸೆಂದು ಹೇಳುವವರ ವಾದವನ್ನು ನಾವು ಅಲ್ಲಗಳೆದು ಮುಂದೆ ಹೋಗಲಾರೆವು. ಸಣ್ಣ ಊರಿನಲ್ಲಿ ಮಾನವೇ ಬಂಡವಾಳ. "ಅವನನ್ನು ಅಂಗಡಿಯಿಂದ ತೆಗೆದರಂತೆ" ಎಂಬ ಮಾತು ಬಸ್‌ಸ್ಟ್ಯಾಂಡಿನಿಂದ ರಥಬೀದಿಗೆ ಮುಟ್ಟಲು ಅರ್ಧ ತಾಸು ಸಾಕು. ಆ ಮೇಲೆ ಏಕೆ ತೆಗೆದರೆಂಬುದಕ್ಕೆ ಪ್ರತಿಯೊಬ್ಬನೂ ತನ್ನ ಬುದ್ಧಿಗೆ ತೋಚಿದ ಕಾರಣವನ್ನು ಕೂಡಿಸುವನು. ಮನೆಯಲ್ಲಿ ಮದುವೆಗೆ ಬಂದ ತಂಗಿಯಿದ್ದರೆ ಕೇಳುವದೇ ಬೇಡ. ಅದಕ್ಕಿಂತ "ತಾನೇ ಬಿಟ್ಟನು" ಎನ್ನಿಸಿಕೊಳ್ಳುವದು ಸುಖವೆಂದು ತಂದೆತಾಯಿಗಳೂ ನೆರೆಹೊರೆಯವರೂ ಹೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದಲ್ಲದೆ ರಾಜೀನಾಮೆಯೆಂಬ ಶಬ್ದಕ್ಕೆ ನಮ್ಮ ನಾಡಿನಲ್ಲಿ ಒಂದು ಪುಣ್ಯದ ಪರಿಮಳವೂ ಅಂಟಿಕೊಂಡಿದೆ. ಹರ್ಡೇಕರ ಮಂಜಪ್ಪನವರು ಮಾಸ್ತರಿಕೆಯನ್ನು ಬಿಟ್ಟು 1906ರಲ್ಲಿ ದಾವಣಗೆರೆಯಲ್ಲಿ 'ಧನುರ್ಧಾರಿ'ಯನ್ನು ಹೊರಡಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಜಾತಿವಾರು ಮೀಸಲಿನ ವಿಷಯದಲ್ಲಿ ಮಹಾರಾಜರೊಡನೆ ಮತಭೇದ ಬಂದಾಗ 1918ರಲ್ಲಿ ದಿವಾನಗಿರಿಯಿಂದ ಇಳಿದರು. ಅವರ ಮತವು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅಸಹಕಾರದ ದಿನಗಳಲ್ಲಿ ವಕೀಲರು ವಕೀಲಿಯನ್ನೂ, ಹಳ್ಳಿಯ ಅಧಿಕಾರಿಗಳು ವತನದ ಕೆಲಸವನ್ನೂ ಬಿಟ್ಟುದನ್ನು ನಮ್ಮ ಹಿರಿಯರು ಅಭಿಮಾನದಿಂದ ನೆನೆಯುತ್ತಿದ್ದರು. ಆದರೆ ಇವರಲ್ಲಿ ಒಬ್ಬರಾದರೂ ಮೇಲಿನವನು ಹೇಳಿ ಬರೆಯಿಸಿದ ಕಾಗದಕ್ಕೆ ಸಹಿ ಮಾಡಿ ಹೊರಬಿದ್ದವರಲ್ಲ. ತಾವು ಏಕೆ ಬಿಡುತ್ತೇವೆಂಬುದನ್ನು ಅವರು ಎಲ್ಲರೂ ಕೇಳುವಂತೆ ಹೇಳಿ ಬಿಟ್ಟರು. ಗುಮಾಸ್ತನ ಚೀಟಿಯಲ್ಲಿ ಏನಿರುವದು? "ನನ್ನ ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ, ಅಂಗಡಿಯಿಂದ ನನಗೆ ಬರತಕ್ಕ ಬಾಕಿ ಏನೂ ಇಲ್ಲ." ಈ ಎರಡು ಮಾತುಗಳಲ್ಲಿ ಬಹುಮಟ್ಟಿಗೆ ಎರಡೂ ಸುಳ್ಳು.

ನಮ್ಮ ಆಕ್ಷೇಪವಿರುವದು ಈ ಸುಳ್ಳಿಗೆ. ಅದರ ಬೆಲೆಯನ್ನು ರೂಪಾಯಿಯಲ್ಲಿ ಹೇಳಬಹುದು.

ಬಳ್ಳಾರಿ ಜಿಲ್ಲೆಯು ಮದ್ರಾಸ್ ಇಲಾಖೆಯಲ್ಲಿದ್ದಾಗಲೇ, ಸನ್ 1947ರಲ್ಲಿ, ಆ ಇಲಾಖೆಯ ಶಾಸನಸಭೆಯು ಅಂಗಡಿಗಳ ಕಾಯದೆಯೊಂದನ್ನು ಮಾಡಿತು. ಆರು ತಿಂಗಳು ಎಡೆಬಿಡದೆ ದುಡಿದ ನೌಕರನನ್ನು ಯೋಗ್ಯ ಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆಯನ್ನಾಗಲಿ ಅದರ ಬದಲಿಗೆ ಒಂದು ತಿಂಗಳ ಪಗಾರವನ್ನಾಗಲಿ ಕೊಡದೆ ತೆಗೆಯಕೂಡದೆಂದು ಅದರ 41ನೆಯ ಕಲಮು ಹೇಳಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರನ್ನು ಸೇರಿದವು. ಅದೇ ತಿಂಗಳ 24ಕ್ಕೆ, ವ್ಯಾಪಾರದ ಇಳಿಗತಿಯಿಂದ ಜನರನ್ನು ಕಡಿಮೆ ಮಾಡುವ ಮಾಲೀಕನು ವರ್ಷ ತುಂಬಿದ ಕೆಲಸಗಾರನಿಗೆ ಅವನ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡತಕ್ಕದ್ದೆಂಬ ನಿಯಮವು ಇಡೀ ದೇಶಕ್ಕೆ ಬಂದಿತು. 1961ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲವು ಮಾಡಿದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯದೆಯೂ ತನ್ನ 39ನೆಯ ಕಲಮಿನಲ್ಲಿ ಮದ್ರಾಸಿನ ಮಾತನ್ನೇ ಹೇಳಿತು. ನಡತೆಗೇಡಿನ ಆರೋಪವಿದ್ದರೆ ವಿಚಾರಣೆ ನಡೆಸಿ, ಸಾಕ್ಷ್ಯವನ್ನು ಬರೆದಿಟ್ಟು, ಆ ಮೇಲೆ ಮಾತ್ರ ಮುನ್ಸೂಚನೆಯಿಲ್ಲದೆ ತೆಗೆಯಬಹುದೆಂದು ವಿಧಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಕೆಲಸಗಾರರಿಗೆ ಪ್ರತಿಕೂಲವಾದವು ಇವೆಯೆಂದು ಸಂಘಗಳು ಕೂಗುತ್ತಿರುವದು ನಿಜ. ಆದರೆ ಒಂದು ತಿಂಗಳ ಮುನ್ಸೂಚನೆ, ವರ್ಷಕ್ಕೆ 15 ದಿನಗಳ ಪರಿಹಾರ ಎಂಬ ಈ ತಳಹದಿ ಅವುಗಳಲ್ಲಿಯೂ ಉಳಿದಿದೆ.

ಇವೆಲ್ಲವೂ ಮಾಲೀಕನು ತೆಗೆದಾಗ ಬರುವ ಹಕ್ಕುಗಳೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನೌಕರನು ತಾನೇ ಬಿಟ್ಟರೆ ಮುನ್ಸೂಚನೆಯ ಪಗಾರವೂ ಇಲ್ಲ, ಪರಿಹಾರವೂ ಇಲ್ಲ. ತಿಂಗಳಿಗೆ 13,000 ರೂಪಾಯಿ ಪಡೆಯುವವನು ಸಾಹುಕಾರರ ಆಪ್ತನ ಮಾತು ಕೇಳಿ ಚೀಟಿ ಬರೆದನೆಂದರೆ, ಮೊಟ್ಟಮೊದಲಿಗೆ ಆ 13,000 ರೂಪಾಯಿಗಳನ್ನು ಸಾಹುಕಾರರಿಗೆ ದಾನ ಮಾಡಿದಂತಾಯಿತು. ಬಡವನು ಧನಿಕನಿಗೆ ಕೊಟ್ಟ ಈ ದಾನವನ್ನು ಯಾವ ಪುರಾಣವೂ ಹೊಗಳಲಾರದು.

ಉಪದಾನದ, ಎಂದರೆ ಗ್ರಾಚ್ಯುಟಿಯ, ಸಂಗತಿ ಸ್ವಲ್ಪ ಬೇರೆ. ಹತ್ತು ಅಥವಾ ಹೆಚ್ಚು ಜನರು ದುಡಿಯುವ ಅಂಗಡಿಯಲ್ಲಿ ಐದು ವರ್ಷ ತುಂಬಿದವನಿಗೆ, ಅವನು ತಾನಾಗಿ ಬಿಟ್ಟರೂ, ವರ್ಷಕ್ಕೆ 15 ದಿನಗಳ ವೇತನದಂತೆ ಇದು ಬರತಕ್ಕದ್ದೆಂದು 1972ರ ಕಾಯದೆಯು ಮಾಡಿದ್ದ ಏರ್ಪಾಡನ್ನು ಹೊಸ ಸಂಹಿತೆಯೂ ಮುಂದುವರಿಸಿದೆ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗೆ ಐದು ವರ್ಷದ ಕಟ್ಟನ್ನು ಸಡಿಲಿಸಿದೆ. ತಿಂಗಳ ವೇತನವನ್ನು 26 ದಿನಗಳಿಗೆ ಹಂಚಿ ಲೆಕ್ಕ ಹಾಕುವದರಿಂದ, 13,000 ಪಡೆಯುವವನಿಗೆ ವರ್ಷಕ್ಕೆ 7,500ರಂತೆ ಐದು ವರ್ಷಕ್ಕೆ 37,500 ರೂಪಾಯಿಗಳಾಗುವವು. ನಾಲ್ಕೂವರೆ ವರ್ಷ ದುಡಿದ ಕಾಯಂ ನೌಕರನು ಬೇಸರದಿಂದ ಈ ತಿಂಗಳು ಬಿಟ್ಟರೆ, ಇನ್ನಾರು ತಿಂಗಳಿಗೆ ಕೈಸೇರಬಹುದಾಗಿದ್ದ ಗಂಟನ್ನು ಅಂಗಡಿಯ ಹೊಸ್ತಿಲಲ್ಲಿಯೇ ಬಿಟ್ಟು ಬಂದ ಹಾಗೆ. ಆದ್ದರಿಂದ ಬಿಡುವ ಯೋಚನೆ ಬಂದವನು ಮೊದಲು ನೋಡತಕ್ಕದ್ದು ತಾನು ಸೇರಿದ ತಾರೀಖನ್ನು. ಆ ತಾರೀಖಿಗೆ ಆಧಾರವೇನೆಂದು ಕೇಳಿದರೆ ಬಹು ಜನರು ತಲೆ ತುರಿಸಿಕೊಳ್ಳುವರು. ನೇಮಕದ ಪತ್ರವಿಲ್ಲ, ಪಗಾರದ ಚೀಟಿಯಿಲ್ಲ, ಕೈಯಲ್ಲಿ ಕೊಟ್ಟ ನೋಟಿಗೆ ಸಾಕ್ಷಿಯಿಲ್ಲ. ಬ್ಯಾಂಕಿಗೆ ಬಿದ್ದ ಹಣದ ನಮೂದು, ಹಾಜರಿ ಪುಸ್ತಕದ ಹಾಳೆಯ ಛಾಯಾಚಿತ್ರ, ಸಾಹುಕಾರರು ಮೊಬೈಲಿನಲ್ಲಿ ಕಳಿಸಿದ ಅಪ್ಪಣೆಗಳು, ಇವುಗಳನ್ನು ಜೋಪಾನ ಮಾಡುವ ಜಾಣತನವು ಕೆಲಸ ಹೋಗುವ ಹಿಂದಿನ ದಿನ ಬಂದರೆ ಉಪಯೋಗವಿಲ್ಲ. ಹತ್ತು ಜನರಿಗೆ ಮೇಲ್ಪಟ್ಟ ಸಂಸ್ಥೆಗಳಲ್ಲಿ ನೇಮಕದ ಪತ್ರವನ್ನು ಕೊಡಲೇಬೇಕೆಂದು ಹೊಸ ಸಂಹಿತೆಯು ವಿಧಿಸಿರುವಾಗ, ಅದನ್ನು ವಿನಯದಿಂದಲೇ ಕೇಳಿ ಪಡೆಯಬಹುದು.

ಕಳವಿನ ಆರೋಪದ ವಿಷಯವನ್ನು ಹೇಳದಿದ್ದರೆ ಮಾತು ಪೂರ್ಣವಾಗದು. ಅಂಗಡಿಯ ನೌಕರನಿಗೆ ಇದೊಂದು ಸದಾ ತಲೆಯ ಮೇಲೆ ತೂಗುವ ಕತ್ತಿ. ಸಂಜೆಯ ಲೆಕ್ಕದಲ್ಲಿ ಗಲ್ಲೆಯ ಹಣ ಕಡಿಮೆ ಬಿದ್ದಿತು, ಸೀರೆಯ ಕಟ್ಟಿನಲ್ಲಿ ಒಂದು ಸಾಲದಾಯಿತು; ಕೂಡಲೆ "ಪೋಲೀಸರಿಗೆ ಹೇಳುವದಿಲ್ಲ, ಬರೆದುಕೊಟ್ಟು ಹೋಗು" ಎಂಬ ಉಪಕಾರದ ಮಾತು. ತಪ್ಪು ಮಾಡದವನು ಹೆದರಿ ಬರೆದುಕೊಟ್ಟರೆ ಆ ಚೀಟಿಯೇ ಮುಂದೆ ಅವನ ಒಪ್ಪಿಗೆಯ ಪತ್ರವಾಗಿ ನಿಲ್ಲುವದು. ನಿಜವಾಗಿ ಕೈತಪ್ಪು ಮಾಡಿದವನಿಗೆ ನಾವು ವಕಾಲತ್ತು ವಹಿಸುವದಿಲ್ಲ. ಅಂಥ ಅಪರಾಧವು ಸಿದ್ಧವಾದರೆ ಉಪದಾನವೂ ಮುಟ್ಟುಗೋಲಾಗಬಹುದೆಂದು ಕಾಯದೆಯೇ ಹೇಳುತ್ತದೆ. ಆದರೆ ಸಿದ್ಧವಾಗಬೇಕು. ನಿರಪರಾಧಿಯು ಕೇಳಬೇಕಾದದ್ದು ವಿಚಾರಣೆಯನ್ನು, ಅದೂ ಬರಹದಲ್ಲಿ. ವಿಚಾರಣೆಯೆಂಬ ಶಬ್ದವನ್ನು ಕೇಳಿದೊಡನೆ ಆರೋಪವೇ ಮಾಯವಾಗುವ ಪ್ರಸಂಗಗಳೂ ಉಂಟು.

ಸಹಿಯಾಗಿ ಹೋದ ಚೀಟಿಗೂ ಪರಿಹಾರ ಸಂಪೂರ್ಣ ಇಲ್ಲವೆಂದಲ್ಲ. ಮುಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಕೊಟ್ಟ ರಾಜೀನಾಮೆಯನ್ನು ಆ ತಾರೀಖು ಬರುವದರೊಳಗೆ ಹಿಂದಕ್ಕೆ ತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಮಾನಿಸಿತು. ಆ ತೀರ್ಮಾನವು ಬಂದುದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರ ರಾಜೀನಾಮೆಯ ಪ್ರಕರಣದಲ್ಲಿ. ನ್ಯಾಯಾಧೀಶರಿಗೇ ಮನಸ್ಸು ಬದಲಿಸುವ ಅವಕಾಶವಿದ್ದ ಮೇಲೆ ಬಟ್ಟೆಯಂಗಡಿಯ ಹುಡುಗನು ಸಂಕೋಚಪಡಬೇಕಾದ ಕಾರಣ ನಮಗೆ ಕಾಣದು. ಬಲವಂತದಿಂದ ಬರೆಯಿಸಿಕೊಂಡುದಾದರೆ ಮರುದಿನವೇ ಹಾಗೆಂದು ರಿಜಿಸ್ಟರ್ ಟಪಾಲಿನಲ್ಲಿ ಸಾಹುಕಾರರಿಗೂ ಕಾರ್ಮಿಕ ಅಧಿಕಾರಿಗಳಿಗೂ ತಿಳಿಸಬೇಕು. ಒಂದು ತಿಂಗಳು ಬಿಟ್ಟು ಹೇಳಿದ ಬಲವಂತವನ್ನು ಯಾರೂ ನಂಬರು.

ಮಾನದ ಪ್ರಶ್ನೆಗೆ ಮತ್ತೆ ಬರೋಣ. ತಾನೇ ಬಿಟ್ಟೆನೆಂದು ಹೇಳಿಕೊಂಡರೆ ಪೇಟೆಯು ನಂಬುವದೇ? ಹೊಸಪೇಟೆಯ ಸಾಹುಕಾರರು ಒಬ್ಬರನ್ನೊಬ್ಬರು ಬಲ್ಲವರು. ಫೋನಿನಲ್ಲಿ ಒಂದು ಮಾತು ಕೇಳಿದರೆ ನಿಜಸ್ಥಿತಿ ಗೊತ್ತಾಗುವದು. ಆ ಚೀಟಿಯು ಮೋಸಗೊಳಿಸುವದು ಅವರನ್ನಲ್ಲ, ಕಾಯದೆಯನ್ನು ಮಾತ್ರ. ತುಂಗಭದ್ರಾ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ, ನಾರಾಯಣದೇವರಕೆರೆಯು ನೀರಿನ ಪಾಲಾಗುವ ಕಾಲ ಬಂದಾಗ ಅಲ್ಲಿಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅವರೂ ನೀರು ಏರುವ ಮೊದಲೇ ಮನೆ ಬಿಟ್ಟವರೇ. ಆದರೆ "ನಮ್ಮ ಸ್ವಂತ ಕಾರಣಗಳಿಂದ ಊರು ಬಿಡುತ್ತೇವೆ, ನಮಗೆ ಬರತಕ್ಕದ್ದೇನೂ ಇಲ್ಲ" ಎಂದು ಬರೆದುಕೊಡಿರೆಂದು ಯಾವ ಅಮಲ್ದಾರನಾದರೂ ಕೇಳಿದ್ದರೆ ಅವರು ಒಪ್ಪುತ್ತಿದ್ದರೇ? ಅವರ ಮೊಮ್ಮಕ್ಕಳು ಅಂಗಡಿಯಲ್ಲಿ ಅದನ್ನೇ ಒಪ್ಪಿಕೊಳ್ಳುತ್ತಿರುವರು.

ಹಾಗಾದರೆ ಯಾವ ಕಾಲಕ್ಕೂ ಬಿಡಲೇಬಾರದೆಂದು ನಾವು ಹೇಳುವೆವೋ? ಇಲ್ಲ. ತೂಕದಲ್ಲಿ ಮೋಸ ಮಾಡೆಂದು, ಸುಳ್ಳು ಬಿಲ್ಲು ಬರೆಯೆಂದು ಅಪ್ಪಣೆಯಾಗುವ ಅಂಗಡಿಯನ್ನು ಬಿಡುವದೇ ಸರಿ. ತಿಂಗಳುಗಟ್ಟಲೆ ಪಗಾರ ಕೊಡದವನನ್ನು ನಂಬಿ ಕೂಡ್ರುವದು ಮೂರ್ಖತನ. ಹೆಣ್ಣುಮಕ್ಕಳಿಗೆ ಅವಮಾನವಾಗುವ ಜಾಗದಲ್ಲಿ ನಿಲ್ಲೆಂದು ಯಾವ ಲೆಕ್ಕಾಚಾರದ ಹೆಸರಿನಲ್ಲಿಯೂ ಹೇಳಲಾಗದು. 2013ರ ಕಾಯದೆಯಂತೆ ಹತ್ತು ಜನರಿಗಿಂತ ಕಡಿಮೆಯಿರುವ ಅಂಗಡಿಯ ಹೆಣ್ಣುಮಗಳೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದಿನವಿಡೀ ನಿಂತು ನಿಂತು ಕಾಲು ಬಾತವರ ಕಷ್ಟವೂ ಸಣ್ಣದಲ್ಲ. ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿಯ ನೌಕರರಿಗೆ ಕೂಡ್ರಲು ಆಸನವಿರತಕ್ಕದ್ದೆಂದು ಕಾಯದೆಯಲ್ಲಿಯೇ ಸೇರಿಸಬೇಕಾಯಿತು. ಮನುಷ್ಯನು ಕೂಡ್ರುವದಕ್ಕೂ ಕಾನೂನು ಬೇಕಾದ ಕಾಲವಿದು! ಇಂಥ ಕಾರಣಗಳಿಂದ ಬಿಡುವವನು ಬಿಡಲಿ, ಆದರೆ ಚೀಟಿಯಲ್ಲಿ ಆ ಕಾರಣವನ್ನೇ ಬರೆಯಲಿ. ಮತ್ತೊಂದು ಕೆಲಸ ಗೊತ್ತಾದುದರಿಂದ ಬಿಡುವದಾದರೆ ಹಾಗೆಂದೇ ಬರೆದು, ತಿಂಗಳ ಮೊದಲೇ ತಿಳಿಸಿ, ಹಬ್ಬದ ವ್ಯಾಪಾರದ ನಡುವೆ ಸಾಹುಕಾರನ ಕೈಬಿಡದೆ ಹೋಗಲಿ. ಬಿಟ್ಟ ಮೇಲೆ ಬಾಕಿಯ ಪಗಾರವು ಎರಡು ಕೆಲಸದ ದಿನಗಳಲ್ಲಿ ಕೈಸೇರತಕ್ಕದ್ದೆಂಬುದು ಈಗಿನ ವೇತನ ಸಂಹಿತೆಯ ವಿಧಿ. ತೆಗೆದವನಿಗೂ ಬಿಟ್ಟವನಿಗೂ ಅದು ಒಂದೇ.

ಮುಂಗಡ ತೆಗೆದುಕೊಂಡವನು "ತೀರುವವರೆಗೆ ಬಿಡುವಂತಿಲ್ಲ" ಎಂದು ತಿಳಿದಿರುವದುಂಟು. ಸಾಲವು ಸಾಲವೇ, ತೀರಿಸಬೇಕು. ಆದರೆ ಅದಕ್ಕೆ ದೇಹವನ್ನು ಒತ್ತೆಯಿಡುವ ಪದ್ಧತಿಯನ್ನು 1976ರ ಜೀತ ನಿರ್ಮೂಲನ ಕಾಯದೆಯು ಅಪರಾಧವೆಂದು ಸಾರಿದೆ.

ಸಾಹುಕಾರರ ಪಕ್ಷದ ಮಾತೂ ಉಂಟು. ಇಬ್ಬರು ಹುಡುಗರನ್ನಿಟ್ಟುಕೊಂಡ ಕಿರಾಣಿ ಅಂಗಡಿಯು ಗಿರಣಿಯಲ್ಲ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ, ಆ ತಡೆಯು ನ್ಯಾಯವಾದುದೇ ಆಗಿದ್ದರೂ, ಅದಿರಿನ ಲಾರಿಗಳನ್ನು ನಂಬಿದ್ದ ಹೆದ್ದಾರಿಯ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. 2016ರ ನವೆಂಬರಿನಲ್ಲಿ ನೋಟುಗಳು ಸತ್ತವು. 2020ರ ಮಾರ್ಚಿನಲ್ಲಿ ಕದಗಳೇ ಮುಚ್ಚಿದವು. ಈಗ ಮೊಬೈಲಿನಲ್ಲಿ ಬೆರಳಾಡಿಸಿದರೆ ಸೀರೆಯೂ ಸಾಬೂನೂ ಮನೆಯ ಬಾಗಿಲಿಗೆ ಬರುವವು. ಸಾಹುಕಾರನಿಗೂ ರಾತ್ರಿ ನಿದ್ರೆಯಿಲ್ಲದಿರಬಹುದು. ಆದರೆ ವ್ಯಾಪಾರ ಕುಂದಿದ್ದು ವ್ಯಾಪಾರದ ಕಾರಣವೇ ಹೊರತು ಗುಮಾಸ್ತನ "ಸ್ವಂತ ಕಾರಣ"ವಲ್ಲ. "ತಮ್ಮಾ, ದುಕಾನು ನಡೆಯುತ್ತಿಲ್ಲ, ಮುಂದಿನ ತಿಂಗಳಿಂದ ನಿನ್ನನ್ನು ಇಟ್ಟುಕೊಳ್ಳಲಾರೆ, ಲೆಕ್ಕ ಚುಕ್ತಾ ಮಾಡಿಕೊಡುತ್ತೇನೆ" ಎಂದು ನೇರವಾಗಿ ಹೇಳುವ ಸಾಹುಕಾರನನ್ನು ಅವನ ನೌಕರನು ಶಪಿಸನು. ಕೀಲಿಕೈ ಕಸಿದು, ಗಿರಾಕಿಯ ಮುಂದೆ ಬೈದು, ಆಪ್ತನಿಂದ ಹೇಳಿಸಿ, ಹುಡುಗನೇ ಬೇಸತ್ತು ಓಡಿಹೋಗುವಂತೆ ಮಾಡಿ ಒಂದು ತಿಂಗಳ ಪಗಾರವನ್ನು ಉಳಿಸುವದು ಯಾವ ಧರ್ಮದ ಖಾತೆಗೂ ಜಮೆಯಾಗದು.

2021ರಲ್ಲಿ ವಿಜಯನಗರವು ಹೊಸ ಜಿಲ್ಲೆಯಾಗಿ ಹೊಸಪೇಟೆಯೇ ಅದರ ಮುಖ್ಯ ಸ್ಥಳವಾದ ಮೇಲೆ, ಮರಿಯಮ್ಮನಹಳ್ಳಿಯವನು ದೂರು ಕೊಡಲು ಬಳ್ಳಾರಿಗೆ ಅಲೆಯಬೇಕಾದ ಕಾಲ ಹೋಯಿತು. ಕಚೇರಿ ಹತ್ತಿರ ಬಂದಂತೆ ಅಧಿಕಾರಿಗಳ ಕಣ್ಣೂ ಹತ್ತಿರ ಬರಬೇಕು. ಅಂಗಡಿಗಳ ತಪಾಸಣೆಗೆ ಹೋದಾಗ ಅವರು ಪರವಾನಗಿಯ ಫಲಕವನ್ನೂ ವಾರದ ರಜೆಯನ್ನೂ ನೋಡಿ ಬಂದರೆ ಸಾಲದು. ಕಳೆದ ವರ್ಷ ಎಷ್ಟು ಜನರು ಕೆಲಸ ಬಿಟ್ಟರು, ಅವರ ಚೀಟಿಗಳೆಲ್ಲಿ, ಕೊನೆಯ ಲೆಕ್ಕಕ್ಕೆ ಯಾರ ಸಹಿಯಿದೆ ಎಂದು ಕೇಳಬೇಕು. ದೀಪಾವಳಿಯ ವ್ಯಾಪಾರ ಮುಗಿದ ವಾರದಲ್ಲಿಯೇ ನಾಲ್ವರಿಗೆ ಒಟ್ಟಿಗೆ "ಸ್ವಂತ ಕಾರಣ"ಗಳು ಒದಗಿ, ನಾಲ್ಕು ಚೀಟಿಗಳೂ ಒಂದೇ ಕೈಬರಹದಲ್ಲಿದ್ದರೆ, ಆ ಕೈ ಯಾರದೆಂದು ಕೇಳುವ ಅಧಿಕಾರವು ಅವರಿಗುಂಟು.